ಕರಡಿ ಕುಡಿದ ಕೆರೆ

ಮೇಜಿನ ಮೇಲೆ ಅಂಗೈಯಗಲದ ಕರಡಿಯೊಂದು ಹಿಂಗಾಲಿನ ಮೇಲೆ ನಿಂತು ಗುರುಗುಟ್ಟಿತು. ಹುಬ್ಬಳ್ಳಿಯ ಆ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಸೇರಿದ್ದವರೆಲ್ಲ ‘ಭಲೇ!’ ಎಂದರು. ಕರಡಿಯ ಒಡೆಯ, ನಿವೃತ್ತ ರೈಲು ಚಾಲಕ ಇಂದುಧರ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಆ ಕಾಲಕ್ಕಾಗಲೇ ಇಸ್ಪೀಟಿನಂಥ ಕಾಗದದ ಎಲೆಗಳು ಹಳತಾಗಿ ಜೀವಪತ್ರಗಳು ಬಂದಿದ್ದವು. ಒಂದೊಂದು ಎಲೆಯ ಮೇಲೂ ಜೀವಕೋಶಗಳ ತೆಳುಪದರ. ಅದಕ್ಕೆ ಪೋಷಕದ್ರವ ಸಿಕ್ಕರೆ ಸಾಕು, ಎಲೆಯೊಳಗಿನ ಪ್ರಾಣಿ ಎದ್ದು ಕಾದುತ್ತದೆ, ಕಲಿಸಿದ್ದನ್ನು ನೆನಪಿಡುತ್ತದೆ. ಜನ ಎಲೆಗಳನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತ ಪ್ರೀತಿಯಿಂದ ಸಾಕುತ್ತಿದ್ದರು. ಆಟ ಜೋಡಿಯಾಟ, ಜೋಡಿಯ ಇಬ್ಬರಿಗೂ ದ್ರವದ ತೊಟ್ಟಿ ಒಂದೇ. ಅದಕ್ಕೆ ಆಟಗಾರರು ‘ಕೆರೆ’ ಎನ್ನುತ್ತಿದ್ದರು. ಅದರಲ್ಲಿ ಇಪ್ಪತ್ತು ಅಳತೆ ದ್ರವ. ಅರ್ಧಕ್ಕಿಂತ ಹೆಚ್ಚು ಬಳಸಬೇಕಾದರೆ ಜೊತೆಗಾರರು ಮೇಜಿನ ಮೇಲೆ ಅಂಗೈ ಇಟ್ಟು ಒಪ್ಪಬೇಕು.

ಇಂದುಧರನ ಜೊತೆಗಾತಿ ನೀಲಗಂಗಾ. ಆಕೆಯ ಗಂಡ ಮಹಾಂತೇಶ ಇಂದುಧರನ ಜೀವದ ಗೆಳೆಯ. ಅವನು ತೀರಿಕೊಂಡ ಮೇಲೆ ಅವನ ಕುರ್ಚಿಯಲ್ಲಿ ಆಕೆ ಕೂತಳು. ಆಟದ ಹುಚ್ಚು ಆಕೆಗೇನೂ ಇರಲಿಲ್ಲ. ಮಹಾಂತೇಶ ಸಾಕಿದ್ದ ಒಂದು ಗೊರವಂಕದ ಎಲೆ ಕೆರೆಯ ದ್ರವ ಕುಡಿದಾಗ ಕತ್ತು ಓರೆ ಮಾಡಿ ಅವನದೇ ದನಿಯಲ್ಲಿ ಕೇಳುತ್ತಿತ್ತು: “ನೀಲಾ, ಚಾ ಆತೇನ?” ಅದನ್ನು ಫೋನಿನಲ್ಲಿ ಹಿಡಿದಿಡಬಹುದಿತ್ತಲ್ಲ ಎನ್ನಬೇಡಿ. ತನ್ನ ಮುಖ ನೋಡಿಯೇ ಅದು ಕೇಳಬೇಕಿತ್ತು ಆಕೆಗೆ.

ಜೀವಪತ್ರ ರೂಪಿಸಿದ ವಿಜ್ಞಾನಿ ಡಾ. ಸಬೀಹಾ ನದಾಫ್ ಅಂದು ಅಲ್ಲಿಯೇ ಇದ್ದರು. “ಇಂದುಧರ ಅವರೇ, ಕೆರೆ ಮೂರು ಅಳತೆಗಿಂತ ಕೆಳಗಿಳಿದರೆ ಸಣ್ಣ ಎಲೆಗಳ ಕೋಶಗಳು ಉಪವಾಸ ಬಿದ್ದು ಸಾಯುತ್ತವೆ” ಎಂದು ಎಚ್ಚರಿಸಿದರು.

“ಇದೊಂದು ಪಟ್ಟು ಅಷ್ಟ ನೋಡ್ರಿ, ಮೇಡಂ. ಅವರ ಹುಲಿ ಬಿತ್ತಂದ್ರ ಕಪ್ ನಮ್ಮದು!” ಎಂದ ಇಂದುಧರ, ನೀಲಗಂಗಾಳ ಕಡೆ ತಿರುಗಿದ. “ಕೈ ಇಡು, ನೀಲಕ್ಕ.”

ಆಕೆ ಅದೇ ಕೆರೆಯ ಅಂಚಿಗೆ ಜೋಡಿಸಿದ್ದ ಪುಟ್ಟ ಗೊರವಂಕವನ್ನು ನೋಡಿದಳು. ಬೇಡ ಎನ್ನಬೇಕು. ಆದರೆ ತುಂಬಿದ ಸಭೆಯಲ್ಲಿ ಹಿರಿಯನ ಮಾತು ತೆಗೆದುಹಾಕುವುದು ಹೇಗೆ? ಆ ಹಾಳು ಸಂಕೋಚ! ಆಕೆ ಅಂಗೈ ಇಟ್ಟಳು.

ಕರಡಿ ಕೆರೆಯ ತಳದವರೆಗೆ ಕುಡಿಯಿತು. ಎದುರಾಳಿಗಳ ಹುಲಿ ಮಗುಚಿ ಬಿತ್ತು, ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ಗೊರವಂಕ ಬೂದಿಬಣ್ಣಕ್ಕೆ ತಿರುಗಿದ್ದನ್ನು ಆಕೆಯೊಬ್ಬಳೇ ಕಂಡಳು. ಎಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದಳು.

ಇಂದುಧರನಿಗೆ ವಿಷಯ ಗೊತ್ತಾದದ್ದು ಕಪ್ ಕೈಗೆ ಬಂದ ಮೇಲೆ. “ಅಯ್ಯೋ, ಎಂಥಾ ಕೆಲಸ ಮಾಡಿದೆ! ಮಹಾಂತನ್ನ ಎರಡನೇ ಸಲ ಮಣ್ಣು ಮಾಡಿದಂಗಾತಲ್ಲರಿ” ಎಂದು ಕಣ್ಣೀರು ಹಾಕಿದ. ಡಾ. ನದಾಫ್ ನೀಲಗಂಗಾಳ ಮನೆಗೇ ಹೋಗಿ ಸತ್ತ ಎಲೆಯನ್ನು ಪರೀಕ್ಷಿಸಿ ತಲೆಯಲ್ಲಾಡಿಸಿದರು. ಅದನ್ನು ಬದುಕಿಸುವ ದಾರಿ ಅವರಿಗೂ ಗೊತ್ತಿರಲಿಲ್ಲ.

ಮುಂದಿನ ರವಿವಾರದ ಆಟಕ್ಕೆ ಅವನು ಕೈಮುಗಿದು ಕರೆದದ್ದಕ್ಕೆ ನೀಲಗಂಗಾ ಬಂದು ಕೂತಳು. ಕೆರೆ ತುಂಬಿತ್ತು. ಇಂದುಧರ ಕರಡಿಗೆ ಎರಡೇ ಅಳತೆ ಕುಡಿಸಿದ. ಕರಡಿ ಎದ್ದು ನಿಂತಿತು. ಎದುರಿಗೆ ಅದೇ ಹುಲಿ.

ಕರಡಿ ಹುಲಿಗೆ ಬೆನ್ನು ಹಾಕಿ, ನೀಲಗಂಗಾಳ ಕಡೆ ಕತ್ತು ಓರೆ ಮಾಡಿ ಕೇಳಿತು: “ನೀಲಾ, ಚಾ ಆತೇನ?”

ಸಭೆ ಘೊಳ್ಳೆಂದು ನಕ್ಕಿತು. ಹುಲಿ ಒಂದೇ ಏಟಿಗೆ ಕರಡಿಯನ್ನು ಉರುಳಿಸಿತು. ಬಿದ್ದಲ್ಲಿಂದಲೇ ಅದು ಮತ್ತೆ ಚಹಾ ಕೇಳಿತು.

ಡಾ. ನದಾಫ್ ಎದ್ದು ನಿಂತೇಬಿಟ್ಟರು. “ಸಾಯುವ ಕೋಶಗಳು ನೆನಪಿನ ಎಳೆಗಳನ್ನು ದ್ರವಕ್ಕೆ ಬಿಟ್ಟಿವೆ. ಕೊನೆಯ ಗುಟುಕು ಕುಡಿದದ್ದು ಕರಡಿ. ಹೀಗಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಇಂದುಧರ ಅವರೇ, ಇದು ಇನ್ನು ಕಾದುವುದಿಲ್ಲ. ಹೊಸದಾಗಿ ಕಾದಾಟ ಕಲಿಸಿದರೆ ಈ ದನಿ ಅಳಿಸಿಹೋಗುತ್ತದೆ.”

ನೀಲಗಂಗಾ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಇಂದುಧರ ಕರಡಿಯ ಎಲೆಯನ್ನು ಮೆಲ್ಲಗೆ ಆಕೆಯ ಮುಂದಕ್ಕೆ ಸರಿಸಿದ.

“ಸೋತ್ವಿ, ನೀಲಕ್ಕ.”

“ಹ್ಞೂಂ ಅಣ್ಣಾ,” ಎಂದಳು ಆಕೆ ಕಣ್ಣೊರೆಸಿಕೊಂಡು. “ಮುಂದಿನ ರವಿವಾರನೂ ಸೋಲೂಣು.”