ವೇದಗಂಗೆಗೆ ಇಳಿಯುವ ಮೊದಲು

ಭಾನುವಾರದ ಆರಾಧನೆ ಮುಗಿಯುತ್ತ ಬಂದಿತ್ತು. ಪಾಸ್ಟರ್ ಸಮುವೇಲಪ್ಪ ಕನ್ನಡಕ ಸರಿಮಾಡಿಕೊಂಡು ಪ್ರಕಟಣೆ ಓದಿದರು. "ಬೆಳಗಾವಿಯ ಜಯವಂತ ಅವರು ದೀಕ್ಷಾಸ್ನಾನ ಕೇಳಿಕೊಂಡಿದ್ದಾರೆ. ಬರುವ ಭಾನುವಾರ ಸಭೆಯ ಮುಂದೆ ಅವರ ವಿಚಾರಣೆ."

ಹಾರ್ಮೋನಿಯಂ ಮುಂದೆ ಕೂತಿದ್ದ ಪಾಸ್ಟರ್ ಮಗಳು ತಬಿತಾಳ ಬೆರಳು ಜಾರಿ, ಕೊನೆಯ ಹಾಡು ಅಪಸ್ವರದಲ್ಲೇ ಶುರುವಾಯಿತು. ಗಂಡಸರ ಸಾಲಿನಿಂದ ಜಯವಂತ ತಲೆಯೆತ್ತಿ ನೋಡಿದ. ತುಟಿಯಂಚಿನಲ್ಲಿ ಸಣ್ಣ ನಗು. ಬೇರೆ ದಿನವಾಗಿದ್ದರೆ ಆ ನಗುವಿಗೆ ಅವಳ ಕೆನ್ನೆ ಬೆಚ್ಚಗಾಗುತ್ತಿತ್ತು. ಇವತ್ತು ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು ಮಾಡೀತು? ನಿಪ್ಪಾಣಿಯ ಆ ಕಾಲೇಜು ಬ್ಯಾಪ್ಟಿಸ್ಟ್ ಸಂಘದ್ದು. ಜಯವಂತ ಅಲ್ಲಿ ಕೆಮಿಸ್ಟ್ರಿಯ ಟೆಂಪರರಿ ಲೆಕ್ಚರರ್, ತಬಿತಾ ಅಲ್ಲಿಯದೇ ಲೈಬ್ರರಿಯವಳು. ಎಂಬತ್ತೆಂಟರ ಆ ಚಳಿಗಾಲದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಕಾಯಂ ಆಗುವವರು ಸಂಘದ ಸಭೆಯ ಸದಸ್ಯರಾಗಿರಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಸದಸ್ಯರಾಗಬೇಕಾದರೆ, ಬುದ್ಧಿ ಬಂದ ಮೇಲೆ ತಾನೇ ನಂಬಿ ವೇದಗಂಗೆ ಹೊಳೆಯಲ್ಲಿ ಪೂರ್ತಿ ಮುಳುಗಿ ಏಳಬೇಕು. ಜಯವಂತ ಮೆಥೋಡಿಸ್ಟ್ ಮನೆಯ ಹುಡುಗ. ತೊಟ್ಟಿಲ ಕೂಸಾಗಿದ್ದಾಗಲೇ ಅವನ ತಲೆಗೆ ನೀರು ಹಾಕಿಸಿದ್ದರು. ಆ ನೀರನ್ನು ಈ ಸಭೆ ದೀಕ್ಷಾಸ್ನಾನವೆಂದು ಒಪ್ಪುವುದಿಲ್ಲ.

ಇದೇ ವಿಷಯಕ್ಕೆ ಇಬ್ಬರೂ ಲೈಬ್ರರಿಯಲ್ಲಿ ಎಷ್ಟು ಕಿತ್ತಾಡಿದ್ದರು! ಮೇಡಂ ಎನ್ನುವ ಬದಲು ಅವನು ಅವಳನ್ನು ಆ ಕಡೆಯ ರೂಢಿಯಂತೆ 'ಬಾಯಾರ' ಎನ್ನುತ್ತಿದ್ದ.

"ನಮ್ಮವ್ವ ಎತ್ಕೊಂಡು ಹೋಗಿ ಹಾಕಿಸಿದ ನೀರು, ಬಾಯಾರ. ನನಗ ಅಷ್ಟ ಸಾಕು."

"ನಿಮ್ಮನ್ನ ಕೇಳಿ ಹಾಕಿದ್ರೇನು?"

"ನನ್ನ ಕೇಳಿ ಹೆಸರೂ ಇಟ್ಟಿಲ್ಲ. ಅದನ್ನೂ ಬದಲಿ ಮಾಡ್ಲೇನು?"

ಹಾಗೆಂದು ಅವನು ಒಂದು ಹುಬ್ಬು ಮಾತ್ರ ಮೇಲೇರಿಸಿ ನಗುತ್ತಿದ್ದ. ತಬಿತಾ ಪುಸ್ತಕದ ಮರೆಯಲ್ಲಿ ಮುಖ ಅಡಗಿಸಿಕೊಂಡು ನಗುತ್ತಿದ್ದಳು. ಯಾರಿಗೂ ಬಗ್ಗದ ಆ ಹಟವೇ ಅವಳಿಗೆ ಹಿಡಿಸಿದ್ದು. ಅಂಥವನು ಹುದ್ದೆ ಕಂಡೊಡನೆ ಬಗ್ಗಿಬಿಟ್ಟನೆ?

ಅಂಗಳದಲ್ಲಿ ಸಭೆಯ ಹಿರಿಯ ದಾದಾಸಾಹೇಬ ಕೂಡ ಅದನ್ನೇ ಗೊಣಗಿದರು. "ನೋಕರಿ ಬಂತು ನೋಡ್ರಿ, ಬೆನ್ನಿಗೇ ಭಕ್ತೀನೂ ಬಂತು."

ಮರುದಿನ ಜಯವಂತ ಲೈಬ್ರರಿಗೆ ಬಂದಾಗ ಅವಳು ತಲೆ ಎತ್ತಲಿಲ್ಲ.

"ಸಿಟ್ಟಾಗೀರೇನು, ಬಾಯಾರ?"

"ನಾ ಯಾಕ ಸಿಟ್ಟಾಗ್ಲಿ? ಅವ್ವ ಹಾಕಿಸಿದ ನೀರು ಒಣಗಿತೇನು, ಸರ್?"

ಅವನ ನಗು ಅಲ್ಲಿಗೇ ನಿಂತಿತು. "ಸಭೆಯೊಳಗ ಹೇಳ್ತೀನಿ," ಎಂದಷ್ಟೇ ಹೇಳಿ, ತಂದ ಪುಸ್ತಕವನ್ನೂ ಮರೆತು ಹೋದ.

ಹೇಳುವಂಥದ್ದಿದ್ದರೆ ಇಲ್ಲೇ ಹೇಳಬಾರದೆ? ತಬಿತಾಳ ಸಂಶಯ ಇನ್ನಷ್ಟು ಬಲವಾಯಿತು. ಆ ವಾರದಲ್ಲೇ ಅವನು ಪ್ರಿನ್ಸಿಪಾಲರ ಮನೆಯಿಂದ ನಗುನಗುತ್ತ ಹೊರಬರುವುದನ್ನೂ ಕಂಡಳು. ಕಂಡು, ರಾಂಗ್ ಸೈಡಿನಲ್ಲೇ ಸೈಕಲ್ ತುಳಿದು, ತಂಬಾಕಿನ ಗೋದಾಮಿನ ಮುಂದೆ ಹಮಾಲರಿಂದ ಬೈಸಿಕೊಂಡಳು. ಮೋಸಗಾರನೆಂದು ಗೊತ್ತಾದರೆ ಮರೆತುಬಿಡಬಹುದಿತ್ತು. ಆದರೆ ಅವಳಿಗೆ ಅವನು ಬೇಕಾಗಿದ್ದ. ಕಷ್ಟವಿದ್ದದ್ದು ಅಲ್ಲೇ.

ಭಾನುವಾರ ಬಂತು. ಅಭ್ಯರ್ಥಿಯನ್ನು ಸಭೆಯ ಯಾರು ಬೇಕಾದರೂ ಪ್ರಶ್ನಿಸಬಹುದು. ಆಮೇಲೆ ಒಪ್ಪಿದವರು ಕೈ ಎತ್ತುತ್ತಾರೆ. ಅಲ್ಲಿ ಪಾಸ್ಟರಿಗೂ ಒಂದೇ ಕೈ, ಕಸ ಗುಡಿಸುವವಳಿಗೂ ಒಂದೇ ಕೈ.

ಎಲ್ಲರಿಗಿಂತ ಹಿರಿಯಳಾದ ಅಕ್ಕುತಾಯಿ ಕೇಳಿದಳು. "ತಮ್ಮಾ, ಕೂಸಿದ್ದಾಗ ತೊಗೊಂಡದ್ದು ಸುಳ್ಳೇನು ಹಂಗಾರ?"

"ಸುಳ್ಳಲ್ಲ ಆಯಿ. ನಂಬಿಕಿ ಖರೇನ ಇತ್ತು. ಆದ್ರ ಅದು ನಮ್ಮವ್ವಂದು."

ಮುದುಕಿಗೆ ಉತ್ತರ ಹಿಡಿಸಿತು. ಒಂದೊಂದಾಗಿ ಕೈಗಳು ಮೇಲೆದ್ದವು. ದಾದಾಸಾಹೇಬರದು ಕೂಡ, ಸ್ವಲ್ಪ ತಡವಾಗಿ. ತಬಿತಾ ಮಾತ್ರ ಕೈ ಎತ್ತಲಿಲ್ಲ.

"ಒಪ್ಪದವರು ಕಾರಣ ಹೇಳಬೇಕವಾ," ಎಂದರು ಸಮುವೇಲಪ್ಪ, ಮಗಳೆಂಬ ರಿಯಾಯಿತಿ ತೋರದೆ.

ಅವಳು ಎದ್ದು ನಿಂತಳು. "ಒಂದ ಮಾತು ಕೇಳ್ತೀನ್ರಿ ಸರ್. ಈ ನೋಕರಿ ಇರಲಿಲ್ಲಂದ್ರ, ನೀವು ಈಗ ಹೊಳಿಗಿ ಇಳೀತಿದ್ರೇನು?"

ಹೌದು ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಜಯವಂತ ಅವಳನ್ನೇ ನೋಡಿದ. ಈ ಸಲ ಹುಬ್ಬು ಏರಲಿಲ್ಲ.

"ಇಲ್ರಿ."

ಸಭೆಯಲ್ಲಿ ಗುಜುಗುಜು ಎದ್ದಿತು. ತನ್ನ ಸಂಶಯ ನಿಜವಾಯಿತಲ್ಲ ಎಂದು ತಬಿತಾಳಿಗೆ ಗೆದ್ದಂತೆ ಅನಿಸಬೇಕಿತ್ತು. ಅವಳಿಗೆ ಅಳು ಬಂತು.

"ನೋಕರಿ ಕಾಯಂ ಆದ್ರ ಪಾಸ್ಟರ್ ಮುಂದ ನಿಂತು ನಿಮ್ಮನ್ನ ಲಗ್ನಕ್ಕ ಕೇಳಾಕ ಧೈರ್ಯ ಬರ್ತೈತಿ ಅನಕೊಂಡಿದ್ದೆ," ಎಂದ ಅವನು, ಎಲ್ಲರೆದುರು. "ದೇವರಿಗಂತ ಅಲ್ಲ, ನಿಮಗಂತ ಇಳಿಯಾಕ ಹೊಂಟಿದ್ದೆ. ಇದನ್ನ ಹೇಳಾಕ ಇಷ್ಟು ಹೊತ್ತು ಧೈರ್ಯ ಆಗಲಿಲ್ಲ. ಅಪ್ಪಾರ, ನನ್ನ ಹೆಸರು ತಗದಬಿಡ್ರಿ."

ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ತಬಿತಾ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದಳು.

ಸಮುವೇಲಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಮಾತಾಡಿದರು. "ಕೂಸುಗಳನ್ನ ನಾವು ನೀರಿಗಿ ಇಳಸಂಗಿಲ್ಲ, ಯಾಕಂದ್ರ ಅವಕ್ಕ ತಾವಾಗಿ ಹೂಂ ಅನ್ನಾಕ ಬರಂಗಿಲ್ಲ. ದೊಡ್ಡವರ ಮುಂದ ನೋಕರಿ ಹಿಡದು ಹೂಂ ಅನಿಸಿದ್ರ ಅದಕೂ ಇದಕೂ ಏನ ಫರಕ್ ಐತಿ? ತಪ್ಪು ಇವರದಷ್ಟ ಅಲ್ಲ, ನಮ್ಮ ನಿಯಮದ್ದೂ ಐತಿ. ಸಂಘದಾಗ ಮಾತಾಡ್ತೀನಿ."

ಮಾತಾಡಿದರು ಕೂಡ. ಆದರೆ ಸಂಘದವರು ನಿಯಮ ಬಿಡಲಿಲ್ಲ. ಹುದ್ದೆ ಅಥಣಿಯ ಇನ್ನೊಬ್ಬರ ಪಾಲಾಯಿತು.

ಆ ಸುದ್ದಿ ಬಂದ ದಿನ ತಬಿತಾ ಓಡೋಡಿ ಬಸ್ ಸ್ಟ್ಯಾಂಡಿಗೆ ಬಂದಳು. ಬೆಳಗಾವಿ ಬಸ್ಸಿನ ಬಾಗಿಲಲ್ಲಿ ಜಯವಂತ ಟ್ರಂಕು ಹಿಡಿದು ನಿಂತಿದ್ದ.

"ಹೇಳದ ಹೊಂಟೀರಲ್ಲ?"

"ಏನಂತ ಹೇಳ್ಲಿ? ನೋಕರಿ ಇಲ್ಲ, ನಿಮ್ಮ ಸಭೆಯವನೂ ಅಲ್ಲ. ಬೆಳಗಾವ್ಯಾಗ ಟ್ಯೂಶನ್ ಹೇಳಿ ಹೊಟ್ಟಿ ಹೊರೀತೀನಿ." ನಗಲು ನೋಡಿದ, ಆಗಲಿಲ್ಲ. "ನನ್ನ ಮ್ಯಾಲಿನ ಸಂಶಯ ಈಗರ ಹೋತೇನು, ಬಾಯಾರ?"

ಅವಳು ಏದುಸಿರು ಬಿಡುತ್ತ ಹತ್ತಿರ ಬಂದಳು. ಕೆದರಿದ ಕೂದಲನ್ನೂ ಸರಿಮಾಡಿಕೊಳ್ಳಲಿಲ್ಲ.

"ನಮ್ಮ ಸಭೆಯಿಂದ, ಕಾಲೇಜಿನಿಂದ ನಿಮಗ ಸಿಗೂದು ಇನ್ನ ಏನೂ ಉಳದಿಲ್ಲ. ಈಗ ಕೇಳ್ರಿ ನನ್ನ."

ಜಯವಂತ ಕೇಳಿದ. ಬಸ್ಸಿನೊಳಗೆ ಕೂತವರು ಕಿಟಕಿಯಿಂದ ಇಣುಕುವಷ್ಟು ಗಟ್ಟಿಯಾಗಿಯೇ ಕೇಳಿದ.

ತಬಿತಾ ಟ್ರಂಕಿನ ಒಂದು ಹಿಡಿ ಹಿಡಿದೆತ್ತಿದಳು. "ನಡೀರಿ. ಅಪ್ಪ ಮನ್ಯಾಗ ಅದಾರ."