ತಾಮ್ರದಂಗಡಿಗೊಂದು ವೆಬ್‌ಸೈಟ್

ವೆದಾದ್ ಬಟ್ಟಲಿನಲ್ಲಿ ಉಳಿದಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ.

"ನಾನಿನ್ನು ಹೊರಡ್ತೀನಿ. ತುಂಬಾ ಹೊತ್ತು ಕೂತುಬಿಟ್ಟೆ. ಕ್ಷಮಿಸಿ."

ಮೆಲಿಕಾಳ ಕೈಯಲ್ಲಿದ್ದ ಜೆಜ್ವಾ ಇನ್ನೂ ಬಿಸಿಯಾಗಿತ್ತು. ಉದ್ದ ಹಿಡಿಯ ಆ ತಾಮ್ರದ ಕಾಫಿ ಪಾತ್ರೆ ಅವಳೇ ಬಡಿದು ಮಾಡಿದ್ದು. ಕ್ಷಮೆ ಯಾತಕ್ಕೆ ಎಂದು ಕೇಳುವಷ್ಟರಲ್ಲಿ ಅವನು ಹೊಸ್ತಿಲು ದಾಟಿದ್ದ. ಗಾಜಿನಾಚೆ ಅವನ ಬೂದು ಕೋಟು ಒಮ್ಮೆ ತಡೆದಂತೆ ಕಂಡಿತು. ಆಮೇಲೆ ಅದೂ ಇಲ್ಲ. ಬೀದಿಯ ತುಂಬ ಸುತ್ತಿಗೆಗಳ ಸದ್ದು ಮಾತ್ರ.

ಅವಳು ಹೇಳಬೇಕೆಂದಿದ್ದುದು ಎರಡೇ ಮಾತು. ಹಾರಿಸ್ ಇಲ್ಲ. ನೀವು ಗುರುವಾರ ಬರುವುದನ್ನು ನಿಲ್ಲಿಸಬೇಡಿ. ಅಷ್ಟಕ್ಕೆ ಧೈರ್ಯ ಕೂಡಿಸಿಕೊಳ್ಳಲೆಂದೇ ಅವನ ಬಟ್ಟಲಿಗೆ ಮತ್ತೊಮ್ಮೆ ಕಾಫಿ ಬಗ್ಗಿಸಿದ್ದಳು.

ಅವನು ಕುಡಿದ. ಹೋದ.

*

ಇದೆಲ್ಲ ಶುರುವಾದದ್ದು ಫೆಬ್ರವರಿಯಲ್ಲಿ. ಸರಾಯೆವೊದ ಕುಶಲಕರ್ಮಿಗಳ ಸಂಘಕ್ಕೆ ಹೋಗಿ, ಮೇಜಿನಾಚೆ ಕೂತಿದ್ದ ಸಲಹೆಗಾರನಿಗೆ ಮೆಲಿಕಾ ನೇರವಾಗಿ ಹೇಳಿದ್ದಳು. "ನನ್ನ ಅಂಗಡಿಗೆ ವೆಬ್‌ಸೈಟ್ ಬೇಕು. ಒಳ್ಳೆ ಡೆವಲಪರ್ ಒಬ್ಬರ ನಂಬರ್ ಕೊಡಿ."

"ಎಂಥ ವೆಬ್‌ಸೈಟ್?"

"ಚೆನ್ನಾಗಿರೋದು."

ಅವನು ನಗಲಿಲ್ಲ. ಕಣ್ಣಿನ ಮೂಲೆ ಮಾತ್ರ ಸುಕ್ಕಾಯಿತು. "ಒಳ್ಳೆ ಗಂಡು ನೋಡಿ ಅಂದ ಹಾಗಾಯ್ತು ಇದು. ಡೆವಲಪರ್ ಹುಡುಕೋದಕ್ಕೆ ಮುಂಚೆ ನಿಮಗೆ ಏನು ಬೇಕು ಅಂತ ನಿಮಗೆ ಗೊತ್ತಿರಬೇಕು. ಇಲ್ದಿದ್ರೆ ಅವರಿಗೆ ಏನು ಬರುತ್ತೋ ಅದನ್ನ ಮಾಡಿಟ್ಟು ಹೋಗ್ತಾರೆ."

"ಗಂಡು ನೋಡುವಾಗ ಇಷ್ಟೆಲ್ಲ ಯಾರೂ ಕೇಳಲ್ಲ."

"ಕೇಳಿದ್ರೆ ಒಳ್ಳೇದಿತ್ತು," ಎಂದ ವೆದಾದ್. ಈ ಸಲ ಇಬ್ಬರೂ ನಕ್ಕರು.

ಸಲಹೆಗಾರರು ತಾವೇ ಕೆಲಸ ಹಿಡಿಯುವಂತಿಲ್ಲ, ಅದು ಸಂಘದ ನಿಯಮ. ಗಿರಾಕಿಯನ್ನು ಸಿದ್ಧ ಮಾಡಿ ಬಿಡುವುದಷ್ಟೇ ಅವರ ಪಾಲು. ಹಾಗಾಗಿ ಅವನು ಗುರುವಾರಗಳಂದು ಪ್ರಶ್ನೆಗಳ ಪಟ್ಟಿ ಹಿಡಿದು ಅಂಗಡಿಗೆ ಬರತೊಡಗಿದ. ಅವನು ಕೇಳುತ್ತಿದ್ದ, ಅವಳು ತಾಮ್ರ ಬಡಿಯುತ್ತಲೇ ಉತ್ತರ ಹೇಳುತ್ತಿದ್ದಳು. ಮುಖ್ಯವಾದುದನ್ನು ಕೇಳುವಾಗ ಅವನು ಸುತ್ತಿಗೆ ಮೇಲೇಳುವವರೆಗೆ ಕಾಯುತ್ತಿದ್ದ. ಅದನ್ನು ಅವಳು ಎರಡನೆಯ ಗುರುವಾರವೇ ಗಮನಿಸಿದ್ದಳು.

"ನಿಮ್ಮ ಸೈಟಿಗೆ ಬಂದವರು ಏನು ಮಾಡಬೇಕು?"

"ಕೊಳ್ಳಬೇಕು. ಗುಂಡಿ ಒತ್ತಿದ್ರೆ ಬುಟ್ಟಿಗೆ ಬೀಳಬೇಕು, ಎಲ್ಲರದ್ದರ ಹಾಗೆ."

"ಒಂದು ಜೆಜ್ವಾಕ್ಕೆ ಎಷ್ಟು ದಿನ ಹಿಡಿಯುತ್ತೆ?"

"ಒಂದೂವರೆ. ಒಳಗೆ ಕಲಾಯಿ ಹಾಕೋದೂ ಸೇರಿದ್ರೆ ಎರಡು."

"ಒಂದೇ ದಿನ ಇನ್ನೂರು ಜನ ಗುಂಡಿ ಒತ್ತಿದ್ರೆ?"

ಸುತ್ತಿಗೆ ಗಾಳಿಯಲ್ಲೇ ನಿಂತಿತು. "ಮುಂದಿನ ವರ್ಷ ಇಷ್ಟೊತ್ತಿಗೂ ಬಡೀತಾನೇ ಇರ್ತೀನಿ. ಬೈಸ್ಕೊಂಡು."

"ಹಾಗಾದ್ರೆ ನಿಮಗೆ ಬುಟ್ಟಿ ಬೇಡ. ಸರದಿ ಪಟ್ಟಿ ಬೇಕು. ಹೆಸರು ಬರೆಸಿ ಹೋಗಲಿ. ಕಾಯೋರು ಕಾಯ್ತಾರೆ."

ಕೊನೆಯ ಮಾತು ಹೇಳುವಾಗ ಅವನು ಪರದೆಯನ್ನು ನೋಡುತ್ತಿರಲಿಲ್ಲ. ಅವಳು ತಲೆ ಬಗ್ಗಿಸಿ ಬಡಿದಳು. ಆ ಜೆಜ್ವಾದ ಕುತ್ತಿಗೆ ಸ್ವಲ್ಪ ಸೊಟ್ಟಗಾಯಿತು. ಅದನ್ನು ಅವಳು ಮಾರಲಿಲ್ಲ.

ಹೀಗೆ ಒಂದೊಂದಾಗಿ ಪ್ರಶ್ನೆಗಳು ಮುಗಿದವು. ಚಿತ್ರ ಯಾರು ತೆಗೆಯಬೇಕು, ಸೈಟಿನ ಹೆಸರು ಯಾರ ಒಡೆತನದಲ್ಲಿರಬೇಕು, ಆಮೇಲೆ ಬೆಲೆ ಬದಲಾಯಿಸುವುದನ್ನು ಅವಳೇ ಕಲಿಯುತ್ತಾಳೋ ಇಲ್ಲವೋ. ಕೊನೆಗೆ ಉಳಿದದ್ದು ‘ನಮ್ಮ ಬಗ್ಗೆ’ ಎಂಬ ಪುಟ ಒಂದೇ. ಅದನ್ನು ಮೆಲಿಕಾ ಎರಡು ಗುರುವಾರ ಬೇಕೆಂದೇ ಎಳೆದಳು. ಅದು ಮುಗಿದರೆ ಅವನು ಬರಲು ಕಾರಣವೇ ಇರುವುದಿಲ್ಲವಲ್ಲ.

ಅದರ ಮುಂದಿನ ಗುರುವಾರ ಹಾಳೆ ಅವನ ಮುಂದಿಟ್ಟಳು. ‘ನಾವು ಈ ಬೀದಿಯಲ್ಲಿ ಜೆಜ್ವಾ ಮಾಡುತ್ತೇವೆ. ನಾವು ಯಂತ್ರ ಬಳಸುವುದಿಲ್ಲ.’

ವೆದಾದ್ ಓದಿದ. ಮತ್ತೊಮ್ಮೆ ಓದಿದ. ಮೆಲ್ಲನೆ ಕೇಳಿದ, "ನಾವು ಅಂದ್ರೆ ಯಾರ್ಯಾರು?"

ಗಂಡ ಹಾರಿಸ್ ತೀರಿಕೊಂಡು ಮೂರು ವರ್ಷ. ಅವನ ಸುತ್ತಿಗೆಗಳಲ್ಲಿ ದೊಡ್ಡದನ್ನು ಬಿಟ್ಟು ಉಳಿದವನ್ನೆಲ್ಲ ಅವಳೇ ಬಳಸುತ್ತಿದ್ದಳು. ಬೀದಿಗೆಲ್ಲ ಗೊತ್ತಿದ್ದ ವಿಷಯ ವೆದಾದ್‌ಗೂ ಗೊತ್ತಿತ್ತು. ಅವಳ ಬಾಯಿಂದ ಮಾತ್ರ ಅವನು ಕೇಳಿರಲಿಲ್ಲ.

ಅವಳು ಹಾಳೆಯನ್ನು ಮಡಚಿಟ್ಟಳು. ಎದ್ದು ಒಲೆಯ ಬಳಿ ಹೋಗಿ ಹೊಸದಾಗಿ ಕಾಫಿ ಕಾಯಿಸಿ ತಂದಳು.

*

ಎರಡು ದಿನದ ಮೇಲೆ ವೆದಾದ್‌ನ ಇಮೇಲ್ ಬಂತು.

‘ನಿಮ್ಮ ಕಡತ ಸಿದ್ಧವಾಗಿದೆ. ಮೂವರು ಡೆವಲಪರ್‌ಗಳ ಹೆಸರು ಕೆಳಗಿದೆ. ‘ನಮ್ಮ ಬಗ್ಗೆ’ ಪುಟವನ್ನು ನಿಮಗೆ ಸರಿತೋಚಿದಂತೆ ಬರೆಯಬಹುದು. ನಾನು ಅದನ್ನು ಕೇಳಬಾರದಿತ್ತು.’

ಮೆಲಿಕಾ ಫೋನನ್ನು ತಾಮ್ರದ ತಟ್ಟೆಯ ಮೇಲೆ ಕವುಚಿಟ್ಟಳು. ವಿಧವೆ ಎಂಬುದು ಬೀದಿಯ ಮಾತಾಗಿರುವವರೆಗೆ ಪರವಾಗಿಲ್ಲ, ಎದುರಿಗೆ ಬಂದು ಕೂತರೆ ಗಂಡಸರು ಕೋಟು ಹಾಕಿಕೊಳ್ಳುತ್ತಾರೆ. ಹಾಗೆಂದುಕೊಂಡಳು. ಅಳು ಬರಲಿಲ್ಲ. ಅವಳಿಗೆ ಬಹಳ ದಿನದಿಂದ ಅದು ಬರುವುದಿಲ್ಲ. ಆದರೆ ಗುರುವಾರ ಬೆಳಗ್ಗೆ, ಬಾಗಿಲ ಗಂಟೆ ಅಲುಗಿದಾಗಲೆಲ್ಲ ತಲೆ ತನ್ನಷ್ಟಕ್ಕೆ ತಾನೇ ಮೇಲೆದ್ದಿತು.

ಸರಿ. ಅವನು ಓಡಿಹೋದರೆ ಕೆಲಸ ನಿಲ್ಲಬೇಕಿಲ್ಲ. ಮೂವರನ್ನೂ ಕರೆಸಿದಳು.

ಮೊದಲನೆಯವನು ಕಡತ ತೆರೆಯಲೇ ಇಲ್ಲ. "ಸೈಟಿನ ಹೆಸರು ನನ್ನ ಖಾತೇಲೇ ಇರಲಿ ಬಿಡಿ, ನಿಮಗ್ಯಾಕೆ ತಲೆನೋವು," ಎಂದ.

"ಹೌದಾ? ಹೊರಗಡೆ ಬೋರ್ಡಿನ ಮೇಲೂ ನಿಮ್ಮ ಹೆಸರೇ ಬರೆಸಿಬಿಡ್ಲಾ?"

ಎರಡನೆಯವನು ಯಾವುದೋ ದೇಶದ ಯಾವುದೋ ಪಾತ್ರೆಗಳ ಚಿತ್ರ ತೋರಿಸಿ, "ಇವು ಬಿಟ್ಟಿ ಸಿಗುತ್ತೆ, ಇವನ್ನೇ ಹಾಕೋಣ," ಎಂದ. ಅವನಿಗೆ ಬಾಗಿಲು ತೋರಿಸಲು ಅರ್ಧ ನಿಮಿಷ ಹಿಡಿಯಿತು.

ಮೂರನೆಯವಳು ಯಾಸ್ನಾ. ಸೈಕಲ್ಲನ್ನು ಅಂಗಡಿಯೊಳಗೇ ತಂದು ಒರಗಿಸಿ, ಮೊದಲ ಮಾತಿಗೇ, "ವಾರಕ್ಕೆ ಮೂರು ಜೆಜ್ವಾ ಅಂತ ಓದಿದೆ. ರಜೆ ಇದ್ದ ವಾರ?" ಎಂದು ಕೇಳಿದಳು. ಮೆಲಿಕಾ ಅಲ್ಲೇ ನಿರ್ಧರಿಸಿದಳು. ಆದರೂ ಪಟ್ಟಿಯಲ್ಲಿದ್ದ ಎಲ್ಲವನ್ನೂ ಕೇಳಿದಳು, ಯಾಸ್ನಾಳ ಹಳೆಯ ಗಿರಾಕಿಗಳಿಬ್ಬರಿಗೆ ಫೋನ್ ಮಾಡಿ ವಿಚಾರಿಸಿದಳು, ಆಮೇಲೇ ಕೈ ಕುಲುಕಿದಳು.

"ಈ ಕಡತ ಬರೆದೋರು ಯಾರು?" ಸಹಿಯಾದ ಮೇಲೆ ಯಾಸ್ನಾ ಕೇಳಿದಳು.

"ಸಂಘದೋರು. ಯಾಕೆ?"

"ಇಂಥ ನಲವತ್ತು ಕಡತ ಓದಿದ್ದೀನಿ. ಯಾವುದರಲ್ಲೂ ಗಿರಾಕಿಯ ಹೆಬ್ಬೆರಳಿನ ಸುದ್ದಿ ಇರಲಿಲ್ಲ."

ಯಾಸ್ನಾ ಕೊನೆಯ ಪುಟ ತೆಗೆದು ತೋರಿಸಿದಳು. ಡೆವಲಪರ್‌ಗೆ ಸೂಚನೆ ಎಂದು ಬರೆದಿತ್ತು. ಅಷ್ಟು ದೂರ ಮೆಲಿಕಾ ಓದಿಯೇ ಇರಲಿಲ್ಲ.

‘ಮಂಗಳವಾರ ಇವರಿಗೆ ಫೋನ್ ಮಾಡಬೇಡಿ, ಕಲಾಯಿ ಹಾಕುವ ದಿನ. ಚಿತ್ರ ತೆಗೆಯುವುದಾದರೆ ಬೆಳಗ್ಗೆ ಹತ್ತರ ಹೊತ್ತಿಗೆ ಬನ್ನಿ, ಆಗ ಬೆಳಕು ಅವರ ಎಡಗಡೆಯಿಂದ ಬೀಳುತ್ತದೆ. ಕೈಗಳ ಚಿತ್ರ ಇರಲಿ. ಎಡ ಹೆಬ್ಬೆರಳ ಮೇಲೆ ಹಳೆಯ ಗಾಯದ ಗುರುತಿದೆ, ಅದನ್ನು ಅಳಿಸಬೇಡಿ. ತಮಗೆ ಇಷ್ಟವಾದುದರ ಬಗ್ಗೆ ಇವರು ಕಡಿಮೆ ಮಾತಾಡುತ್ತಾರೆ. ಅವಸರ ಮಾಡಬೇಡಿ.’

"ಸಂಘದೋರು ತುಂಬಾ ಮುತುವರ್ಜಿಯಿಂದ ಕೆಲಸ ಮಾಡ್ತಾರಪ್ಪಾ," ಎಂದು ಯಾಸ್ನಾ ಸೈಕಲ್ ಹತ್ತಿದಳು.

*

ಮಹಡಿಯ ಮೇಲಿರುವ ಫಾದಿಲಾ ಅತ್ತೆ ಹಾರಿಸ್‌ನ ಸೋದರತ್ತೆ. ಅವನು ಹೋದ ಮೇಲೆ ಮೆಲಿಕಾಳನ್ನು ಬಿಟ್ಟು ಕದಲದವರು. ಅವತ್ತು ಮಧ್ಯಾಹ್ನ ಪಾಲಕ್ ಹೂರಣದ ರೊಟ್ಟಿಗೆ ಹಿಟ್ಟು ಎಳೆಯುತ್ತ, ಸೊಸೆಯ ಮುಖವನ್ನು ಓರೆಗಣ್ಣಲ್ಲಿ ನೋಡಿದರು.

"ಅವನು ಯಾಕೇ ಬರ್ತಿಲ್ಲ, ನಿನ್ನ ಪ್ರಶ್ನೆಗಾರ?"

"ಎದ್ದು ಹೋದ. ಮಾತಿನ ಮಧ್ಯೆ."

"ನೀನೇನಾದ್ರೂ ಅಂದ್ಯಾ?"

"ಏನೂ ಅನ್ನಲಿಲ್ಲ ಅತ್ತೆ. ಕೆಳಗಿಳಿದು ಬಂದ ತಕ್ಷಣ ಒಂದು ಕಾಫಿ ಕೊಟ್ಟೆ. ಆಮೇಲೆ ಮಾತಾಡೋಣ ಅಂತ ಇನ್ನೊಂದು ಕೊಟ್ಟೆ. ಅದನ್ನ ಕುಡಿದು ಹೋಗೇಬಿಟ್ಟ."

ಫಾದಿಲಾ ಅತ್ತೆಯ ಕೈ ಹಿಟ್ಟಿನ ಮೇಲೇ ನಿಂತಿತು. "ಎರಡೇನಾ?"

"ಎರಡೇ."

"ಅಯ್ಯೋ ಹುಡುಗೀ! ನಾನೊಂದು ಕೊಟ್ಟಿದ್ನಲ್ಲೇ!"

"ಯಾವಾಗ?"

"ನೀನು ಮೇಲೆ ಕನ್ನಡಿ ಮುಂದೆ ನಿಂತಿದ್ದೆಯಲ್ಲ, ಮುಖದ ಮಸಿ ತೊಳೆದು, ಆ ಹಸಿರು ಅಂಗಿ ಹಾಕ್ಕೊಂಡು, ತೆಗೆದು, ಮತ್ತೆ ಹಾಕ್ಕೊಂಡು. ಆಗ. ಪಾಪ, ಒಬ್ಬನೇ ಕೂತಿದ್ದ. ಬಂದವರನ್ನ ಬರಿ ಬಾಯಲ್ಲಿ ಕೂರಿಸ್ತಾರಾ?"

ಈ ಊರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮೊದಲ ಕಾಫಿ ಬಂದದ್ದಕ್ಕೆ. ಎರಡನೆಯದು ಮಾತಿಗೆ. ಮೂರನೆಯದು ಬಂತೆಂದರೆ ಮನೆಯವರು ಬಾಯಿಬಿಟ್ಟು ಹೇಳಲಾರದ್ದನ್ನು ಬಟ್ಟಲು ಹೇಳುತ್ತದೆ: ಇನ್ನು ಎದ್ದೇಳಿ. ಮರ್ಯಾದಸ್ಥರು ಅದನ್ನು ಬೇಗ ಕುಡಿದು, ಕಾರಣ ಕೇಳದೆ ಹೊರಡುತ್ತಾರೆ.

ವೆದಾದ್ ಗಂಡನ ವಿಷಯ ಕೇಳಿದ. ಉತ್ತರವಾಗಿ ಅವಳು, ಅವನ ಲೆಕ್ಕದಲ್ಲಿ, ಮೂರನೆಯ ಕಾಫಿ ತಂದಿಟ್ಟಳು.

ಮೆಲಿಕಾ ಕುರ್ಚಿಯ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಅತ್ತೆ," ಎಂದಳು. "ನಾನು ಅವನ ಹತ್ರ ಹೋದ್ರೆ ನಿಮಗೆ..."

"ನನಗೇನು? ನಾನೇ ಅಲ್ವಾ ಎಡವಟ್ಟು ಮಾಡಿದ್ದು." ಫಾದಿಲಾ ಅತ್ತೆ ಮತ್ತೆ ಹಿಟ್ಟಿಗೆ ಕೈ ಹಾಕಿದರು. ದನಿ ಸ್ವಲ್ಪ ತಗ್ಗಿತು. "ಹಾರಿಸ್ ಇದ್ದಿದ್ರೆ ನಿನ್ನ ಇಷ್ಟು ದಿನ ಸುಮ್ನೆ ಕೂರೋಕೆ ಬಿಡ್ತಿರಲಿಲ್ಲ. ಹೋಗು. ಅಂಗಿ ಬದಲಾಯಿಸೋಕೆ ಮಾತ್ರ ನಿಲ್ಲಬೇಡ, ಹೊತ್ತಾಗುತ್ತೆ."

*

ಸಂಘದ ಕಚೇರಿಯಲ್ಲಿ ವೆದಾದ್ ಒಬ್ಬನೇ ಇದ್ದ, ಕಾಗದದ ಮೇಲೆ ಅರ್ಧ ತಿಂದ ಮಾಂಸದ ರೊಟ್ಟಿ ಇಟ್ಟುಕೊಂಡು. ಅವಳನ್ನು ಕಂಡು ಎದ್ದ. ಗಲ್ಲದ ಮೇಲೆ ಒಂದು ತುಣುಕು ಅಂಟಿತ್ತು.

"ಮೆಲಿಕಾ. ಬನ್ನಿ, ಕೂತ್ಕೊಳ್ಳಿ."

"ನಾನು ಕೊಟ್ಟಿದ್ದು ಎರಡನೇದು," ಎಂದಳು ಅವಳು ನಿಂತೇ.

"ಯಾವುದು?"

"ಕಾಫಿ. ಅತ್ತೆ ನಿನಗೆ ಒಂದು ಕೊಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಮಾತಾಡೋಕೆ ಅಂತ ಕೊಟ್ಟೆ. ನೀನು ಎದ್ದುಹೋಗೋಕೆ ಅಂತ ಕುಡಿದೆ."

‘ನೀವು’ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಅವಳು ಹುಡುಕಲಿಲ್ಲ.

ಅವನು ಮೆಲ್ಲನೆ ಕೂತ. ಮನಸ್ಸಿನಲ್ಲೇ ಬಟ್ಟಲುಗಳನ್ನು ಎಣಿಸುತ್ತಿರುವಂತೆ ಕಂಡಿತು. "ಹಾರಿಸ್ ಬಗ್ಗೆ ಕೇಳಿದ್ದಕ್ಕೆ ಕಳಿಸಿಬಿಟ್ರಿ ಅಂದ್ಕೊಂಡೆ."

"ಕೇಳಿದ್ಯಲ್ಲ, ಹೇಳೋಣ ಅಂತಿದ್ದೆ. ಯಾಕೆ ಅಂತ ಒಂದು ಮಾತು ಕೇಳಬಾರದಿತ್ತಾ?"

"ಮೂರನೇ ಕಾಫಿ ಆದ್ಮೇಲೆ ಯಾಕೆ ಅಂತ ಕೇಳಿದ್ದು ಗೊತ್ತಾದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸಲ್ಲ."

ಅವಳು ನಗಬಾರದೆಂದುಕೊಂಡಿದ್ದಳು. ಆಗಲಿಲ್ಲ. ಅವನ ಕಣ್ಣಿನ ಮೂಲೆ ಸುಕ್ಕಾಯಿತು, ಮತ್ತೆ ಬಿಗಿಯಿತು.

"ಯಾಸ್ನಾಗೆ ಕೆಲಸ ಕೊಟ್ಟಿರಂತೆ. ಒಳ್ಳೇದಾಯ್ತು," ಎಂದ. "ಕಡತದಲ್ಲಿ ಏನಾದ್ರೂ ತಿದ್ದೋದಿದ್ರೆ ನಾನು ಗುರುವಾರ..."

"ತಿದ್ದೋದು ಏನೂ ಇಲ್ಲ. ಸಹಿ ಆಗಿದೆ. ಕೆಲಸ ಶುರುವಾಗಿದೆ. ನಿನ್ನ ಹತ್ರ ನನಗಿನ್ನು ಯಾವ ಕೆಲಸವೂ ಇಲ್ಲ."

ಅವನ ಮುಖ ಬಾಡಿತು. ಮುಚ್ಚಿಟ್ಟುಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. "ಮತ್ತೆ ಬಂದಿದ್ದು?"

"ಕೆಲಸ ಇಲ್ಲ ಅಂತಾನೇ ಬಂದಿದ್ದು."

ಹೊರಗೆ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿ ಹಾದುಹೋಯಿತು. ವೆದಾದ್ ಅವಳನ್ನೇ ನೋಡಿದ, ಸುತ್ತಿಗೆ ಮೇಲೇಳಲಿ ಎಂದು ಕಾಯುವಾಗ ನೋಡುತ್ತಿದ್ದ ಹಾಗೆ.

"ನಾಲ್ಕನೇ ಗುರುವಾರದ ಹೊತ್ತಿಗೇ ನನ್ನ ಪ್ರಶ್ನೆಗಳು ಮುಗಿದಿದ್ವು," ಎಂದ. "ಆಮೇಲಿನವನ್ನೆಲ್ಲ ಮನೇಲಿ ಕೂತು ಹೊಸದಾಗಿ ಬರ್ಕೊಂಡು ಬರ್ತಿದ್ದೆ. ನೀನು ಯಾವ ಬಣ್ಣದ ಅಕ್ಷರ ಇಷ್ಟಪಡ್ತೀಯ ಅನ್ನೋದು ಯಾವ ಡೆವಲಪರ್‌ಗೂ ಬೇಕಿಲ್ಲ."

"ನನಗೆ ಗೊತ್ತಿತ್ತು."

"ಗೊತ್ತಿತ್ತಾ?"

"ಅನುಮಾನ ಇತ್ತು. ಅದಕ್ಕೇ ಉತ್ತರ ನಿಧಾನಕ್ಕೆ ಕೊಡ್ತಿದ್ದೆ." ಅವಳು ಕೈ ಚಾಚಿ ಅವನ ಗಲ್ಲದ ಮೇಲಿನ ತುಣುಕನ್ನು ತೆಗೆದಳು. "ಕೋಟು ಹಾಕ್ಕೋ. ನದಿ ಪಕ್ಕ ನಡೆಯೋಣ."

"ಈಗಲೇ? ಊರವರೆಲ್ಲ ಹೊರಗಿರೋ ಹೊತ್ತು."

"ಇರಲಿ."

ಸೇತುವೆಯ ಮೇಲೆ ತಾಮ್ರಗಾರರ ಬೀದಿಯ ಇಬ್ಬರು ಹೆಂಗಸರು ಎದುರಾದರು. ಅವರ ನೋಟ ಮೆಲಿಕಾಳಿಂದ ವೆದಾದ್ ಕಡೆಗೆ ಹೊರಳಿ ಅಲ್ಲೇ ನಿಂತಿತು. ಅವಳು ನಿಂತು ಇಬ್ಬರ ಮನೆಯವರ ಆರೋಗ್ಯವನ್ನೂ ಹೆಸರು ಹಿಡಿದು ವಿಚಾರಿಸಿದಳು. ಆಮೇಲೆ ಅವರು ನೋಡುತ್ತಿದ್ದಂತೆಯೇ ಅವನ ತೋಳಿನೊಳಗೆ ತನ್ನ ತೋಳು ಸೇರಿಸಿ, ನಿಧಾನವಾಗಿ ಸೇತುವೆ ದಾಟಿದಳು.