ಗಿರಾಕಿ ನೋಡುವ ಬೆಲೆ

ದೇವಿಂದ್ರನ ಹೆಣ ಸಿಕ್ಕಿದ್ದು ಬೆಳಿಗ್ಗೆ, ಕಾಗಿಣಾ ನದಿಯ ಸೇತುವೆಯ ಹತ್ತಿರ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಡ್ಡೆಯಲ್ಲಿ. ತಲೆ ಒಡೆದಿತ್ತು. ಹೊಡೆದ ಕಲ್ಲು ರಕ್ತ ಮೆತ್ತಿಕೊಂಡು ಪಕ್ಕದಲ್ಲೇ ಬಿದ್ದಿತ್ತು. ಬೈಕಿಗೆ ಕಟ್ಟಿದ ಊಟದ ಚೀಲ ಕದಲಿರಲಿಲ್ಲ. ಮೊಬೈಲ್ ಮಾತ್ರ ಇಲ್ಲ.

ಸೇಡಂ ಠಾಣೆಯ ಪಿಎಸ್‌ಐ ಲುಂಬಿನಿ ಅಲ್ಲಿಗೆ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟು ಮುಗಿಸಿತ್ತು. ಕೊಂದವನು ತಾಹಿರ್. ಎಲ್ಲರ ಮೊಬೈಲಿನಲ್ಲೂ ಹಳೆಯ ವಿಡಿಯೊ ಒಂದಿತ್ತಲ್ಲ! ಹಿಂದಿನ ತಿಂಗಳು ತಾಹಿರ್ ತನ್ನ ಮನೆ ಬಾಗಿಲಲ್ಲೇ ದೇವಿಂದ್ರನ ಕಾಲರ್ ಹಿಡಿದು ಜಗ್ಗಾಡಿದ್ದ. ಜಗಳ ಟ್ಯಾಕ್ಸಿನದು. ಸುರೇಶಕುಮಾರನ ಬಿರಿಯಾನಿ ಹೋಟೆಲಿನ ಆ್ಯಪ್ ಒಂದು ಬೆಲೆ ತೋರಿಸುತ್ತಿತ್ತು, ಬಾಗಿಲಿಗೆ ಬಂದವನು ಅದರ ಮೇಲೆ ಟ್ಯಾಕ್ಸ್ ಕೇಳುತ್ತಿದ್ದ. ಮಾಲೀಕ ಗಲ್ಲಾದ ಹಿಂದೆ ತಣ್ಣಗೆ ಕೂತಿರುತ್ತಿದ್ದ. ಬೈಗುಳ ತಿನ್ನುತ್ತಿದ್ದವನು ಮನೆಮನೆಗೆ ಊಟ ತಲುಪಿಸುವ ದೇವಿಂದ್ರ. ಅವನು ಸಾಯುವ ಮುಂಚೆ ಕೊನೆಯ ಊಟ ಕೊಟ್ಟದ್ದೂ ತಾಹಿರನ ಮನೆಗೇ.

*

ತಾಹಿರ್ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿ. ಲುಂಬಿನಿ ಠಾಣೆಗೆ ಬಂದಾಗ ಅವನು ಗೋಡೆಗೆ ಒರಗಿ ಕೂತಿದ್ದ. ಅಂಗಾಲು ಊದಿತ್ತು.

"ಖಂಡೆಪ್ಪನವ್ರೇ, ಹೊಡದ್ರೇನು?"

ಹೆಡ್ ಕಾನ್‌ಸ್ಟೇಬಲ್ ಖಂಡೆಪ್ಪ ಲಾಠಿಯನ್ನು ಮೂಲೆಗಿಟ್ಟ. "ಸ್ವಲ್ಪ ವಿಚಾರಣಾ ಮಾಡೀನ್ರಿ ಮೇಡಂ. ಹೊರಗ ಮಂದಿ ಭಾಳ ಕೂಡ್ಯಾರ. ಮಧ್ಯಾಹ್ನ ಇವನ್ನ ಕೋರ್ಟಿಗೆ ಹಾಕಿಬಿಡ್ರಿ ಅಂತ ಸಾಹೇಬ್ರು ಫೋನ್ ಮಾಡಾಕತ್ತಾರ."

"ಖುದಾ ಕಸಂ ಮೇಡಂ, ನಿನ್ನೆ ಜಗಳಾನೇ ಆಗಿಲ್ರಿ," ಎಂದ ತಾಹಿರ್. "ಮೊಬೈಲ್‌ನ್ಯಾಗ ತೋರಿಸಿದಷ್ಟೇ ರೊಕ್ಕ ಕೊಟ್ಟೆ. ಅಂವ ಮ್ಯಾಲ ಏನೂ ಕೇಳ್ಲಿಲ್ಲ. 'ಇನ್ನ ನಮ್ಮ ಜಗಳ ಮುಗೀತು ಭಾಯ್' ಅಂತ ನಕ್ಕ."

"ಹೌದಪ್ಪ, ಸತ್ತವ ಬಂದು ಸಾಕ್ಷಿ ಹೇಳ್ತಾನ," ಎಂದ ಖಂಡೆಪ್ಪ.

ಬಾಗಿಲಲ್ಲಿ ತಾಹಿರನ ಹೆಂಡತಿ ಉಜ್ಮಾ ನಿಂತಿದ್ದಳು. ಅವಳು ತಂದ ಬುತ್ತಿಯನ್ನು ಒಳಗೆ ಬಿಟ್ಟಿರಲಿಲ್ಲ.

*

ಸುರೇಶಕುಮಾರ ತಾನಾಗಿಯೇ ಹೇಳಿಕೆ ಕೊಡಲು ಬಂದ. ಕಣ್ಣು ಒರೆಸಿಕೊಂಡ.

"ದೇವಿಂದ್ರ ತಾಹಿರನ ಬಾಗಿಲದಾಗಿಂದ ನನಗ ಫೋನ್ ಹಚ್ಚಿದ್ದ ಮೇಡಂ. ತಾಹಿರ್ ಒದರೂದು ನನಗ ಕೇಳಸ್ತು. 'ಮೊಬೈಲ್‌ನ್ಯಾಗ ಎರಡ್ನೂರು ತೋರಿಸಿ ಈಗ ಎರಡ್ನೂರಾ ಹತ್ತು ಕೇಳ್ತಿಯಾ? ನಿನ್ನ ಬಿಡಂಗಿಲ್ಲ!' ಅಂದ."

ಮೊಬೈಲ್ ಕಂಪನಿಯ ದಾಖಲೆ ನೋಡಿದರೆ ದೇವಿಂದ್ರನ ಕೊನೆಯ ಕರೆ ಹೋದದ್ದು ಸುರೇಶಕುಮಾರನಿಗೇ. ಎಲ್ಲವೂ ಕೂಡಿ ಬಂತು. ಲುಂಬಿನಿಗೂ ಹಾಗೇ ಅನ್ನಿಸಿತು, ತಾಹಿರನ ಜಪ್ತಿಯಾದ ಮೊಬೈಲಿನಲ್ಲಿ ಆ ಆ್ಯಪ್ ತೆರೆಯುವವರೆಗೆ.

ಬಿರಿಯಾನಿ, ಎರಡು ನೂರಾ ಹತ್ತು. ಕೆಳಗೆ ಸಣ್ಣಕ್ಷರ: ಎಲ್ಲ ಟ್ಯಾಕ್ಸ್ ಸೇರಿ.

"ಅರೆ, ಹ್ವಾದ ವಾರ ನಾ ತರಸ್ದಾಗ ಎರಡ್ನೂರೇ ಇತ್ತಲ್ರಿ!" ಎಂದ ಖಂಡೆಪ್ಪ. "ದೇವಿಂದ್ರ ಮ್ಯಾಲ ಹತ್ತು ಕೇಳಿದ್ದ. ನಾ ಕೊಡ್ಲಿಲ್ರಿ."

"ಮತ್ತ ಯಾರು ತುಂಬಿದ್ರು?"

"ಅಂವನೇ ತುಂಬಿರ್ಬೇಕ್ರಿ," ಎಂದು ಖಂಡೆಪ್ಪ ನೆಲ ನೋಡಿದ.

ಆ ಆ್ಯಪ್ ನಡೆಸುವವಳು ಕಲಬುರಗಿಯ ಭಾಗ್ಯಶ್ರೀ. ಲುಂಬಿನಿ ಅವಳಿಗೆ ಫೋನ್ ಹಚ್ಚಿದಳು.

"ನಿನ್ನೆ ಮುಂಜಾನೇನೆ ಬದಲಿ ಮಾಡೀನ್ರಿ ಮೇಡಂ. ದೇವಿಂದ್ರಣ್ಣ ಭಾಳ ಸಲ ಕೇಳ್ಕೊಂಡಿದ್ದ, ಗಿರಾಕಿಗೆ ಮೊದಲೇ ಪೂರಾ ಬೆಲೆ ತೋರಸ್ರಿ, ಬಾಗಲಾಗ ಬೈಸ್ಕೊಂಡು ಸಾಕಾಗೇದ ಅಂತ. ಹೋಟೆಲ್ ಸಾವ್ಕಾರಗ ಮೆಸೇಜ್ ಕಳಸೀನಿ, ಅವರು ಇನ್ನಾ ತೆಗದೇ ನೋಡಿಲ್ಲ. ಅಡಗಿ ಮನಿ ಸ್ಕ್ರೀನ್ ಬದಲಾಗಿಲ್ಲ, ಅಲ್ಲಿ ಎರಡ್ನೂರು ಬ್ಯಾರೆ, ಟ್ಯಾಕ್ಸ್ ಬ್ಯಾರೆ ಬರ್ತದ." ದನಿ ತಗ್ಗಿಸಿದಳು. "ಬಿಲ್ಲಿಗೆ ಹಾಕಾಕ ಅವರ ಟ್ಯಾಕ್ಸ್ ನಂಬರ್ ಕೇಳ್ದೆ, ಕೊಡ್ಲಿಲ್ಲ. ಹುಡುಕಿದ್ರ ಆ ಹೋಟೆಲಿಗೆ ನಂಬರೇ ಇಲ್ರಿ, ಟ್ಯಾಕ್ಸ್ ವಸೂಲಿ ಮಾಡೂ ಹಕ್ಕೂ ಇಲ್ಲ. ಅದನ್ನೂ ನಿನ್ನೆ ದೇವಿಂದ್ರಣ್ಣಗ ಹೇಳೀನಿ."

*

ಸುರೇಶಕುಮಾರ ಅಡುಗೆಮನೆಯಲ್ಲಿದ್ದ. ಗೋಡೆಯ ಸ್ಕ್ರೀನಿನಲ್ಲಿ ಆರ್ಡರುಗಳು ಬರುತ್ತಲೇ ಇದ್ದವು. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು, ಹೋಟೆಲು ನಡೆದೇ ಇತ್ತು.

"ಸಾವ್ಕಾರ್ರೆ, ಎಂದರ ನಿಮ್ಮ ಹೋಟೆಲಿಗೆ ನೀವೇ ಆರ್ಡರ್ ಹಾಕೀರೇನು?"

"ನನ್ನ ಹೋಟೆಲಿಗೆ ನಾ ಯಾಕ ಹಾಕ್ಲಿ ಮೇಡಂ? ಉಣ್ಣಾಕ ಮನಿ ಇಲ್ಲೇನು ನನಗ?"

"ಅದಕ್ಕ ಸಿಕ್ಕೊಂಡ್ರಿ." ಲುಂಬಿನಿ ತಾಹಿರನ ಮೊಬೈಲನ್ನು ಆ ಸ್ಕ್ರೀನಿನ ಪಕ್ಕಕ್ಕೆ ಹಿಡಿದಳು. "ನಿನ್ನೆ ಮುಂಜಾನಿಂದ ಗಿರಾಕಿಗೆ ಕಾಣೂದು ಒಂದೇ ಬೆಲೆ, ಟ್ಯಾಕ್ಸ್ ಸೇರಿ. ಎರಡ್ನೂರು ಅನ್ನೂದು ಅವರ ಕಣ್ಣಿಗೇ ಬಿದ್ದಿಲ್ಲ. ತಾಹಿರ್ ಏನಂತ ಜಗಳ ತಗೀತಾನ? ಎರಡ್ನೂರು ಇನ್ನಾ ಕಾಣೂದು ಇಲ್ಲಿ, ನಿಮಗ. ಹಳೇ ಜಗಳಾನ ನಿನ್ನೆದು ಅಂತ ಮಾರಾಕ ಬಂದ್ರಿ."

"ನನಗ ತಪ್ಪಿ ಕೇಳಿರ್ಬೇಕು..."

ಉಗ್ರಾಣ ಹುಡುಕಲು ಹೋಗಿದ್ದ ಖಂಡೆಪ್ಪ ಬಂದ. ಮೊಳಕೈ ತನಕ ಅಕ್ಕಿಯ ಧೂಳು. ಕೈಯಲ್ಲಿ ದೇವಿಂದ್ರನ ಮೊಬೈಲ್. "ಅಕ್ಕಿ ಡ್ರಮ್ಮಿನ ತಳದಾಗ ಇತ್ರಿ ಮೇಡಂ."

ಸುರೇಶಕುಮಾರ ಕೂತುಬಿಟ್ಟ. ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು.

"ನನ್ನ ಉಪ್ಪು ತಿಂದವ ನನಗೇ ಬುದ್ಧಿ ಹೇಳಾಕ ಬಂದಾನ. 'ನಂಬರ್ ಇಲ್ಲದ ಟ್ಯಾಕ್ಸ್ ಇಷ್ಟು ವರ್ಷ ನನ್ನ ಕೈಲೆ ವಸೂಲಿ ಮಾಡಿಸೀರಿ, ಟ್ಯಾಕ್ಸ್ ಕಚೇರಿಗೆ ಹೋಗಿ ಹೇಳ್ತೀನಿ' ಅಂತ ಫೋನ್‌ನ್ಯಾಗ ಅಂದ. ಫರ್ಸಿ ಅಡ್ಡಾಕ್ಕ ಬಾ, ಕುಂತು ಮಾತಾಡೂಣು ಅಂದೆ. ಬಂದ."

"ಕುಂತ್ರೇನು?"

"ಇಲ್ಲ."

*

ಮಧ್ಯಾಹ್ನ ತಾಹಿರನನ್ನು ಬಿಟ್ಟರು. ಅಷ್ಟರಲ್ಲಿ ಕಾರ್ಖಾನೆಯ ಗುತ್ತಿಗೆದಾರ ಅವನ ಗೇಟ್‌ಪಾಸ್ ರದ್ದು ಮಾಡಿಯಾಗಿತ್ತು. ಲುಂಬಿನಿ ತಾನೇ ಫೋನ್ ಮಾಡಿದಳು. "ಕೊಲೆ ಮಾಡಿಲ್ಲ ಅಂತೀರಿ, ಖರೇ ಇರಬಹುದು ಮೇಡಂ. ಆದ್ರ ಹೆಸರು ಬಂದದಲ್ಲ," ಎಂದು ಅವನು ಫೋನ್ ಇಟ್ಟ.

ಠಾಣೆಯ ಮೆಟ್ಟಿಲಲ್ಲಿ ತಾಹಿರನ ಕಾಲು ಊರಲಿಲ್ಲ. ಖಂಡೆಪ್ಪ ಓಡಿ ಬಂದು ರಟ್ಟೆ ಹಿಡಿಯಲು ಕೈ ಚಾಚಿದ.

"ಅವ್ರಿಗೆ ಕೈ ಹಚ್ಚಬ್ಯಾಡ್ರಿ," ಎಂದಳು ಉಜ್ಮಾ.

ಗಂಡನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಬೆಳಿಗ್ಗೆಯಿಂದ ಬಾಯಿ ಮಾಡುತ್ತಿದ್ದ ಮಂದಿ ದಾರಿ ಬಿಟ್ಟು ಸರಿದು ನಿಂತರು. ಇಬ್ಬರು ಮಾತ್ರ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು.